ಅದುರಾಟವೋ, ಕುಲುಕಾಟವೋ? ಡ್ಯಾಶ್‌ಕ್ಯಾಮ್ ವಿಡಿಯೊ ಸ್ಥಿರವಾಗಿ ಬರಲು ಮಾಡಬೇಕಾದ ಕೆಲಸಗಳು

ಕಾರಿನ ಮುಂಗಾಜಿಗೆ ಡ್ಯಾಶ್‌ಕ್ಯಾಮ್ ಹಾಕಿಸಿ ವಾರ ಕಳೆದ ಮೇಲೆ ವಿಡಿಯೊ ತೆರೆದು ನೋಡಿದವರು ಸಾಮಾನ್ಯವಾಗಿ ಬೈಯುವುದು ಕ್ಯಾಮೆರಾವನ್ನು. ಮುಂದಿನ ಕಾರಿನ ನಂಬರ್ ಪ್ಲೇಟ್ ಓದಲಾಗುವುದಿಲ್ಲ, ಪಕ್ಕದ ಲೈಟ್ ಕಂಬಗಳು ಜೆಲ್ಲಿಯಂತೆ ಬಳುಕುತ್ತವೆ, ಗುಂಡಿಯೊಂದು ಬಂದರೆ ಇಡೀ ಚಿತ್ರವೇ ಕಲಸಿಹೋಗುತ್ತದೆ. ದುಬಾರಿ ಕ್ಯಾಮೆರಾ ತಂದರೂ ಅದೇ ಕಥೆ. ಬಹಳ ಸಲ ತೊಂದರೆ ಇರುವುದು ಕ್ಯಾಮೆರಾದಲ್ಲಲ್ಲ, ಅದು ಗಾಜಿಗೆ ಕೂತಿರುವ ರೀತಿಯಲ್ಲಿ. ಗಾಜು ಅಲುಗಿದಷ್ಟೇ ಕ್ಯಾಮೆರಾ ಅಲುಗಬೇಕು, ಕೂದಲೆಳೆಯಷ್ಟೂ ಹೆಚ್ಚಲ್ಲ. ಇದೊಂದು ಸಾಧಿಸಿದರೆ ಉಳಿದದ್ದೆಲ್ಲ ಸಣ್ಣಪುಟ್ಟ ರಿಪೇರಿ.

ಮೊದಲು ರೋಗ ಪತ್ತೆ

ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿ. ಫೋನಿನ ಆ್ಯಪ್‌ನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ವೈಫೈ ಮೂಲಕ ಬರುವ ಲೈವ್ ಚಿತ್ರ ತಾನಾಗಿಯೇ ತಡವರಿಸುತ್ತದೆ. ಹಗಲಿನಲ್ಲಿ ಒರಟು ರಸ್ತೆಯ ಮೇಲೆ ತೆಗೆದ ಒಂದು ನಿಮಿಷದ ಫೈಲ್ ಆರಿಸಿಕೊಳ್ಳಿ. ಕ್ಯಾಮೆರಾದಲ್ಲಿ ಅಲುಗಾಟವನ್ನು ತಾನೇ ತಗ್ಗಿಸುವ ಇಐಎಸ್ ಅಥವಾ ಸ್ಟೆಬಿಲೈಸೇಶನ್ ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ ತೆಗೆದ ವಿಡಿಯೊ ಆಗಿರಬೇಕು, ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ವಿಡಿಯೊ ನಿಲ್ಲಿಸಿ, ಪರದೆಯಲ್ಲಿ ಬಾನೆಟ್ಟಿನ ಅಂಚು ಎಲ್ಲಿ ಕಾಣುತ್ತದೋ ಅಲ್ಲಿ, ಲ್ಯಾಪ್‌ಟಾಪ್ ಪರದೆಯ ಮೇಲೆಯೇ, ಒಂದು ಚೂರು ಕಾಗದದ ಟೇಪ್ ಅಂಟಿಸಿ. ಈಗ ಓಡಿಸಿ ನೋಡಿ. ಬಾನೆಟ್ ಟೇಪಿನ ಬಳಿಯೇ ನಿಂತಿದ್ದು ರಸ್ತೆ, ಮರ, ಆಕಾಶ ಮಾತ್ರ ಮೇಲೆ ಕೆಳಗೆ ಹೋಗುತ್ತಿದ್ದರೆ ಕುಲುಕುತ್ತಿರುವುದು ಕಾರು; ಮೌಂಟ್, ಅಂದರೆ ಕ್ಯಾಮೆರಾವನ್ನು ಗಾಜಿಗೆ ಹಿಡಿದಿಡುವ ಭಾಗ, ಚೆನ್ನಾಗಿದೆ. ಬಾನೆಟ್ಟೇ ಟೇಪಿನಿಂದ ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಕ್ಯಾಮೆರಾ ತನ್ನಷ್ಟಕ್ಕೆ ಅದುರುತ್ತಿದೆ. ಇವೆರಡನ್ನು ಬೇರೆ ಮಾಡಿ ನೋಡದೆ ಯಾವ ಸ್ಕ್ರೂ ಬಿಗಿ ಮಾಡಿದರೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಇನ್ನೂ ಮೂರು ಬಗೆಯ ತೊಂದರೆಗಳು ಅಲುಗಾಟದ ವೇಷ ಹಾಕಿಕೊಂಡು ಬರುತ್ತವೆ. ಬಾನೆಟ್ಟಿನ ನೇರ ಗೆರೆ ಹಾವಿನಂತೆ ಸುರುಳಿ ಸುರುಳಿಯಾದರೆ ಅದು ರೋಲಿಂಗ್ ಶಟರ್, ಅಂದರೆ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರ ಫಲ. ರಾತ್ರಿ ಮಾತ್ರ ಚಿತ್ರ ಕಲಸಿದರೆ ಅದು ನಿಧಾನ ಶಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು ಹೆಚ್ಚು. ಆಗೊಮ್ಮೆ ಈಗೊಮ್ಮೆ ಚಿತ್ರ ಹಿಡಿದು ನಿಂತು ಮುಂದಕ್ಕೆ ನೆಗೆದರೆ ಅದು ಮೆಮೊರಿ ಕಾರ್ಡಿನದು ಅಥವಾ ಪವರ್ ಕೇಬಲ್ಲಿನದು.

ಒಂದೇ ಕಡೆ ನಿಂತು ಮಾಡುವ ಪರೀಕ್ಷೆಯೂ ಉಂಟು. ಒಂದೊಂದು ನಿಮಿಷದ ಮೂರು ರೆಕಾರ್ಡಿಂಗ್ ಮಾಡಿ: ಎಂಜಿನ್ ಆಫ್, ಎಂಜಿನ್ ಐಡಲ್, ಐಡಲ್ ಜೊತೆ ಎಸಿ ಆನ್. ನಾಲ್ಕು ಸಿಲಿಂಡರಿನ ಎಂಜಿನ್ 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 27 ಸಲ ಉರಿಯುತ್ತದೆ, ಮೂರು ಸಿಲಿಂಡರಿನದು 20 ಸಲ. ಕ್ಯಾಮೆರಾ ತೆಗೆಯುವುದು ಸೆಕೆಂಡಿಗೆ 30 ಫ್ರೇಮ್. 27 ಮತ್ತು 30 ಹತ್ತಿರ ಹತ್ತಿರ ಇರುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನಡುಕವೂ ವಿಡಿಯೊದಲ್ಲಿ ಸೆಕೆಂಡಿಗೆ ಮೂರು ಸಲದ ನಿಧಾನ ತೇಲಾಟವಾಗಿ ಕಾಣುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಚಿತ್ರ ನೀರಿನ ಮೇಲಿದ್ದಂತೆ ತೂಗುತ್ತದಲ್ಲ, ಅದಕ್ಕೆ ಕಾರಣ ಇದು. ಎಸಿ ಆನ್ ಮಾಡಿದಾಗ ತೇಲಾಟದ ವೇಗ ಬದಲಾದರೆ ಅನುಮಾನವೇ ಬೇಡ, ಎಂಜಿನ್ನಿನ ನಡುಕ ಮೌಂಟ್ ಮೂಲಕ ಕ್ಯಾಮೆರಾಕ್ಕೆ ಏರುತ್ತಿದೆ.

ಎಲ್ಲಿ ಕೂರಿಸಬೇಕು

ಗಾಜಿನ ಅಂಚು ಕಾರಿನ ಚೌಕಟ್ಟಿಗೆ ಅಂಟಿನಿಂದ ಗಟ್ಟಿಯಾಗಿ ಕೂತಿರುತ್ತದೆ. ನಡುಭಾಗಕ್ಕೆ ಆ ಆಸರೆಯಿಲ್ಲ, ಹಾಗಾಗಿ ಹೆಚ್ಚು ನಡುಗುವುದು ಅದೇ. ಆದ್ದರಿಂದ ಕ್ಯಾಮೆರಾ ಮೇಲಂಚಿಗೆ ಆದಷ್ಟು ಹತ್ತಿರ, ಒಳಗಿನ ಮಿರರ್‌ನ ಹಿಂದೆ, ಚಾಲಕನ ಎದುರಿನ ನೋಟಕ್ಕೆ ಅಡ್ಡ ಬರದಂತೆ ಎಡಕ್ಕೆ ಇರಲಿ. ಡ್ಯಾಶ್‌ಬೋರ್ಡಿನ ಮೇಲೆ ಇಡುವುದು ಹೆಸರಿಗಷ್ಟೇ ಚೆಂದ: ಅಲ್ಲಿನ ಪ್ಲಾಸ್ಟಿಕ್ ಟೊಳ್ಳು, ಬಿಸಿಲಿಗೆ ಕಾದು ಅಂಟು ಬಿಡುತ್ತದೆ, ಪಾಲಿಶ್ ಹಾಕಿದ್ದರೆ ಅಂಟು ಹಿಡಿಯುವುದೇ ಇಲ್ಲ.

ಜಾಗ ಗೊತ್ತುಮಾಡುವಾಗ ವೈಪರ್ ಒಮ್ಮೆ ಓಡಿಸಿ, ಅದು ಒರೆಸುವ ಕಮಾನಿನೊಳಗೆ ಲೆನ್ಸ್ ಬರುತ್ತದೆಯೇ ನೋಡಿ. ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವಾಗ ಒರೆಸದ ಜಾಗದ ಹಿಂದಿರುವ ಕ್ಯಾಮೆರಾ ಸೆರೆಹಿಡಿಯುವುದು ಬರೀ ನೀರಿನ ಹನಿ. ಮಿರರ್ ಹಿಂದೆ ಕಾರಿನದೇ ಕ್ಯಾಮೆರಾ ಅಥವಾ ಮಳೆ ಸೆನ್ಸರ್ ಇದ್ದರೆ ಅದರ ನೋಟಕ್ಕೆ ಅಡ್ಡ ಹೋಗಬೇಡಿ. ಗಾಜಿನ ಮೇಲಂಚಿನ ಕಪ್ಪು ಚುಕ್ಕೆಗಳ ಪಟ್ಟಿಯ ಮೇಲೂ ಅಂಟಿಸಬೇಡಿ. ಆ ಚುಕ್ಕೆಗಳು ತುಸು ಉಬ್ಬಿರುತ್ತವೆ, ಟೇಪ್ ಚುಕ್ಕೆಯ ನೆತ್ತಿಗೆ ಮಾತ್ರ ಅಂಟಿ ನಡುವೆ ಗಾಳಿ ಉಳಿಯುತ್ತದೆ. ಗಾಜಿಗೆ ಸನ್ ಫಿಲ್ಮ್ ಹಾಕಿಸಿದ್ದರೆ ಟೇಪ್ ಅಂಟುವುದು ಗಾಜಿಗಲ್ಲ, ಫಿಲ್ಮಿಗೆ. ಕೀಳುವಾಗ ಫಿಲ್ಮೂ ಜೊತೆಯಲ್ಲಿ ಬರುತ್ತದೆ.

ಟೇಪ್ ಹಚ್ಚುವುದು

ಇಲ್ಲಿ ಅವಸರ ಮಾಡಿದವರೇ ಮುಂದೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಸಕ್ಷನ್ ಕಪ್ಪಿಗಿಂತ ಡಬಲ್ ಸೈಡ್ ಟೇಪ್ ಮೇಲು. ಸಕ್ಷನ್ ಕಪ್ ರಬ್ಬರಿನದು, ಅದೇ ಒಂದು ಸ್ಪ್ರಿಂಗ್. ಅದರ ಮೇಲೆ 8–10 ಸೆಂ.ಮೀ. ಉದ್ದದ ತೋಳು ಬೇರೆ. ತೋಳು ಉದ್ದವಾದಷ್ಟೂ ತುದಿಯ ತೂಗಾಟ ಹೆಚ್ಚು. ಟೇಪ್ ಮೌಂಟ್‌ನಲ್ಲಿ ಕ್ಯಾಮೆರಾ ಗಾಜಿನಿಂದ ಎರಡು ಮೂರು ಸೆಂ.ಮೀ. ದೂರದಲ್ಲಿ ಕೂರುತ್ತದೆ. ಕಾರಿಂದ ಕಾರಿಗೆ ಬದಲಾಯಿಸುವ ಅಗತ್ಯವಿದ್ದರೆ ಮಾತ್ರ ಕಪ್ ಇಟ್ಟುಕೊಳ್ಳಿ, ಅದೂ ಗಿಡ್ಡ ತೋಳಿನದು.

ಒಳ್ಳೆಯ ಫೋಮ್ ಟೇಪ್, ಉದಾಹರಣೆಗೆ 3ಎಂ ವಿಎಚ್‌ಬಿ ಬಗೆಯದು, ಬೇಕು. ಸ್ಟೇಶನರಿ ಅಂಗಡಿಯ ಬಿಳಿ ಡಬಲ್ ಟೇಪ್ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ಕಾರು ನೆರಳಲ್ಲಿರಲಿ, ಗಾಜು ಕೈಗೆ ಹಿತವಾಗಿ ಬೆಚ್ಚಗಿರಲಿ: 21ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗೆ. ಡಿಸೆಂಬರಿನ ಬೆಳಗಿನ ಜಾವ ಬೆಂಗಳೂರಿನಲ್ಲೂ ಗಾಜು ಅದಕ್ಕಿಂತ ತಣ್ಣಗಿರುತ್ತದೆ. ಹೊರಗಿನಿಂದ ಹೇರ್ ಡ್ರೈಯರ್ ಒಂದೆರಡು ನಿಮಿಷ ದೂರದಿಂದ ಹಿಡಿದರೆ ಸಾಕು. ಬಿಸಿಲಲ್ಲಿ ನಿಂತು ಕಾದ ಗಾಜಿಗೂ ಹಚ್ಚಬೇಡಿ.

ಒಳಗಿನ ಗಾಜನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಅರ್ಧಕ್ಕರ್ಧ ಬೆರೆಸಿ ಸ್ವಚ್ಛ ಬಟ್ಟೆಯಲ್ಲಿ ಎರಡು ಸಲ, ಎರಡನೆಯ ಸಲ ಬಟ್ಟೆಯ ಹೊಸ ಮಗ್ಗುಲಲ್ಲಿ. ಪ್ಲಾಸ್ಟಿಕ್ಕಿನಿಂದ ಏಳುವ ಜಿಡ್ಡಿನ ಪೊರೆ ಹೊಸ ಕಾರಿನ ಗಾಜಿನ ಮೇಲೂ ಇರುತ್ತದೆ. ಪೂರ್ತಿ ಒಣಗಿದ ಮೇಲೆ ಕ್ಯಾಮೆರಾ ಇಲ್ಲದ ಬರೀ ಮೌಂಟನ್ನು ಇಟ್ಟು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ. ಗಾಜಿಗೆ ಹೊರಗಿನಿಂದ ಇನ್ನೊಂದು ಕೈಯ ಆಸರೆ ಕೊಡಿ.

ಈಗ ಕಾರಿನಿಂದ ಇಳಿದು ಹೊರಗಿನಿಂದ ನೋಡಿ. ಟೇಪ್ ಸರಿಯಾಗಿ ಅಂಟಿದ ಕಡೆ ಬಣ್ಣ ಗಾಢವಾಗಿ, ಒದ್ದೆಯಾದಂತೆ ಕಾಣುತ್ತದೆ. ಗಾಳಿ ಸಿಕ್ಕಿಕೊಂಡಿರುವ ಕಡೆ ಬೂದುಬಣ್ಣದ ತೇಪೆ. ಅಂಚಿನಲ್ಲಿ ಅಲ್ಪಸ್ವಲ್ಪ ತೇಪೆ ಇದ್ದರೆ ಮತ್ತೆ ಒತ್ತಿ. ಅರ್ಧದಷ್ಟು ಜಾಗ ಬೂದಾಗಿದ್ದರೆ ಮೌಂಟಿನ ತಳ ಚಪ್ಪಟೆ, ಗಾಜು ಬಾಗು, ಎರಡೂ ಕೂಡುತ್ತಿಲ್ಲ ಎಂದರ್ಥ. ಅಂಥಲ್ಲಿ ಇನ್ನೂ ದಪ್ಪನೆಯ ಫೋಮ್ ಇರುವ ಟೇಪ್ ಬೇಕು. ಹಳೆಯದನ್ನು ಕಿತ್ತು ಅದನ್ನೇ ಮತ್ತೆ ಹಚ್ಚುವ ಜಿಪುಣತನ ಬೇಡ.

ಅಂಟು 20 ನಿಮಿಷಕ್ಕೆ ಅರ್ಧ ಬಲ, ಒಂದು ದಿನಕ್ಕೆ 90 ಶೇಕಡಾ, ಮೂರು ದಿನಕ್ಕೆ ಪೂರ್ತಿ ಬಲ ಪಡೆಯುತ್ತದೆ. ಆದ್ದರಿಂದ ಕ್ಯಾಮೆರಾ ತೂಗುಹಾಕುವುದು ಮರುದಿನ. ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಹಾಕಿ ಕಳಿಸುತ್ತಾರೆ ನಿಜ; ಆಗಲೂ ಕ್ಯಾಮೆರಾ ಜೇಬಲ್ಲಿ ಹಾಕಿಕೊಂಡು ಬನ್ನಿ, ನಾಳೆ ನೀವೇ ಸಿಕ್ಕಿಸಿಕೊಳ್ಳಬಹುದು. ಮುಂದೆ ಕೀಳಬೇಕಾದಾಗ ಡೆಂಟಲ್ ಫ್ಲಾಸ್ ಅಥವಾ ಮೀನು ಹಿಡಿಯುವ ನೈಲಾನ್ ದಾರವನ್ನು ಟೇಪಿನ ಹಿಂದೆ ಗರಗಸದಂತೆ ಎಳೆದರೆ ಸುಲಭವಾಗಿ ಬರುತ್ತದೆ.

ಗುಂಡು ಕೀಲು ಮತ್ತು ಕೇಬಲ್

ಗಾಜಿಗೆ ಗಟ್ಟಿಯಾಗಿ ಕೂತ ಮೇಲೂ ಬಾನೆಟ್ ಪರೀಕ್ಷೆಯಲ್ಲಿ ಅದುರಾಟ ಕಂಡರೆ ಅನುಮಾನ ಪಡಬೇಕಾದದ್ದು ಬಾಲ್ ಜಾಯಿಂಟ್, ಅಂದರೆ ಕ್ಯಾಮೆರಾ ತಿರುಗಿಸುವ ಗುಂಡು ಕೀಲಿನ ಮೇಲೆ. ಕ್ಯಾಮೆರಾವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಟಿಕ್ ಟಿಕ್ ಎಂದು ಸಣ್ಣ ಸದ್ದು ಬಂದರೆ ಕೀಲು ಸವೆದಿದೆ ಅಥವಾ ಕ್ಯಾಮೆರಾ ಸಿಕ್ಕಿಸುವ ಹಳಿ ಸಡಿಲ. ಕೀಲಿಗೆ ಲಾಕ್ ನಟ್ ಇದ್ದರೆ ಬಿಗಿ ಮಾಡಿ, ಆದರೆ ಇಕ್ಕಳ ಹಾಕಬೇಡಿ, ಪ್ಲಾಸ್ಟಿಕ್ ನಟ್ಟಿನ ಒಳಗಿನ ಸುರುಳಿ ಗೆರೆ ಸವೆದುಹೋಗುತ್ತದೆ. ಬಿಗಿ ಮಾಡಿದರೂ ನಿಲ್ಲದಿದ್ದರೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಗುಂಡಿನ ಮೇಲೆ ಒಂದು ಪದರ ಹಾಕಿ ಮತ್ತೆ ಕೂರಿಸಿ. ಕಡಿಮೆ ಬೆಲೆಯ ಈ ಮದ್ದು ಎಷ್ಟೋ ಮೌಂಟ್‌ಗಳಿಗೆ ಜೀವ ಕೊಟ್ಟಿದೆ.

ಇನ್ನೊಂದು ಉಪಾಯ, ಕ್ಯಾಮೆರಾಕ್ಕೆ ಎರಡನೆಯ ಆಸರೆ. ಒಂದೇ ಬಿಂದುವಿನಲ್ಲಿ ನೇತಾಡುವ ವಸ್ತು ತೂಗುತ್ತದೆ, ಎರಡು ಕಡೆ ತಾಗಿದ್ದು ತೂಗುವುದಿಲ್ಲ. ಕಿಟಕಿ ಬಾಗಿಲಿಗೆ ಹಚ್ಚುವ ಫೋಮ್ ಪಟ್ಟಿಯ ಎರಡು ಸೆಂ.ಮೀ. ತುಂಡನ್ನು ಕ್ಯಾಮೆರಾದ ಮೈಗೂ ಗಾಜಿಗೂ ನಡುವೆ, ಸ್ವಲ್ಪ ಅದುಮಿಕೊಂಡಿರುವಂತೆ ಸಿಕ್ಕಿಸಿ. ಬಿಸಿ ಹೊರಹೋಗುವ ಸೀಳುಗಳನ್ನು ಮುಚ್ಚಬಾರದು. ಐಡಲ್‌ನ ತೇಲಾಟಕ್ಕೆ ಇಷ್ಟು ಪರಿಣಾಮಕಾರಿಯಾದ ಮದ್ದು ಬೇರೆ ಕಂಡಿಲ್ಲ.

ಕೇಬಲ್ಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಪ್ಪ ಕೇಬಲ್ ಕ್ಯಾಮೆರಾವನ್ನು ಒಂದು ಮಗ್ಗುಲಿಗೆ ಜಗ್ಗುತ್ತಿರುತ್ತದೆ, ನೇತಾಡಿದರೆ ಲೋಲಕದಂತೆ ತೂಗುತ್ತಾ ಕ್ಯಾಮೆರಾವನ್ನೂ ತೂಗಿಸುತ್ತದೆ. ಪ್ಲಗ್ಗಿನ ಬಳಿ ಐದಾರು ಸೆಂ.ಮೀ. ಸಡಿಲ ಬಿಟ್ಟು, ಅಲ್ಲಿಂದಾಚೆ ಚಾವಣಿ ಬಟ್ಟೆಯ ಅಂಚಿನೊಳಗೆ ತೂರಿಸಿ. ಗಾಜಿನ ಪಕ್ಕದ ಪಿಲ್ಲರಿನಲ್ಲಿ ಏರ್‌ಬ್ಯಾಗ್ ಇದ್ದರೆ ಕೇಬಲ್ ಅದರ ಹಿಂದಿನಿಂದ ಹೋಗಬೇಕು, ಮುಂದಿನಿಂದ ಅಲ್ಲ. ಕವರ್ ಬಿಚ್ಚಿ ಅಭ್ಯಾಸವಿಲ್ಲದವರು ಕಾರ್ ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ವಾಸಿ. ಮಿರರ್‌ಗೆ ಕಟ್ಟಿದ ಮಣಿಸರ, ಗಂಟೆಗಳೂ ಕ್ಯಾಮೆರಾದ ಎದುರು ತೂಗಾಡಬಾರದು. ಡ್ಯಾಶ್‌ಬೋರ್ಡಿನ ಮೇಲಿನ ಗಣಪನ ನೆರಳು ಗಾಜಿನಲ್ಲಿ ಮೂಡಿ ಚಿತ್ರದ ನಡುವೆ ಕುಣಿಯುತ್ತಿದ್ದರೆ ಗಣಪನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅವನೇನೂ ಬೇಸರಪಡುವುದಿಲ್ಲ.

ಸೆಟ್ಟಿಂಗ್

ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಓದುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಓದುತ್ತಿರುವಾಗಲೇ ಕ್ಯಾಮೆರಾ ಅದುರಿದರೆ ಮೇಲಿನ ಸಾಲು ಒಂದು ಕಡೆ, ಕೆಳಗಿನ ಸಾಲು ಇನ್ನೊಂದು ಕಡೆ ಬೀಳುತ್ತದೆ. ಜೆಲ್ಲಿ ಹುಟ್ಟುವುದು ಹೀಗೆ. ಇದನ್ನು ಮೌಂಟ್‌ನಲ್ಲೇ ತಡೆಯಬೇಕು, ಸೆಟ್ಟಿಂಗ್ ಬದಲಿಸಿ ಹೋಗಲಾಡಿಸಲು ಆಗದು.

ನಿಧಾನ ಶಟರಿಗೆ ಮಾತ್ರ ಸೆಟ್ಟಿಂಗ್‌ನಲ್ಲಿ ಮದ್ದಿದೆ. ಎರಡೂ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಬದುರು ಬರುತ್ತಿವೆ ಎನ್ನಿ. ಶಟರ್ ಸೆಕೆಂಡಿನ 30ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅವು ಒಂದು ಮೀಟರಿಗೂ ಹೆಚ್ಚು ಹತ್ತಿರ ಬಂದಿರುತ್ತವೆ; 500ನೇ ಒಂದು ಭಾಗವಾದರೆ ಸುಮಾರು 7 ಸೆಂ.ಮೀ. ಮಾತ್ರ. ಹೆಚ್ಚಿನ ಡ್ಯಾಶ್‌ಕ್ಯಾಮ್‌ಗಳಲ್ಲಿ ಶಟರ್ ನೇರವಾಗಿ ಕೈಗೆ ಸಿಗುವುದಿಲ್ಲ, ಎಕ್ಸ್‌ಪೋಶರ್ ಅಥವಾ ಇವಿ ಎಂಬ ಆಯ್ಕೆ ಸಿಗುತ್ತದೆ. ಅದನ್ನು ಸೊನ್ನೆಯಿಂದ ಮೈನಸ್ 0.3 ಅಥವಾ ಮೈನಸ್ 0.7ಕ್ಕೆ ಇಳಿಸಿ. ಚಿತ್ರ ತುಸು ಕಪ್ಪಾಗುತ್ತದೆ, ಆದರೆ ಶಟರ್ ಚುರುಕಾಗುತ್ತದೆ, ಹೆಡ್‌ಲೈಟ್ ಬಿದ್ದ ನಂಬರ್ ಪ್ಲೇಟ್ ಬೆಳ್ಳಗೆ ಸುಟ್ಟುಹೋಗುವುದೂ ಕಡಿಮೆಯಾಗುತ್ತದೆ. ಗಾಜಿನ ಪ್ರತಿಫಲನ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಸಿಪಿಎಲ್ ಫಿಲ್ಟರ್ ಬೆಳಕನ್ನು ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ರಾತ್ರಿ ಪ್ರಯಾಣವೇ ಹೆಚ್ಚಿದ್ದರೆ ತೆಗೆದಿಡಿ.

ಇಐಎಸ್ ಇದ್ದರೆ ಹಗಲಿಗೆ ಪರವಾಗಿಲ್ಲ, ಚಿತ್ರದ ಅಂಚು ಸ್ವಲ್ಪ ಕತ್ತರಿಸಿಹೋಗುತ್ತದೆ ಅಷ್ಟೆ. ರಾತ್ರಿ ಆಫ್ ಮಾಡಿ. ನಿಧಾನ ಶಟರಿನಲ್ಲಿ ಕಲಸಿಹೋದ ಫ್ರೇಮನ್ನು ಇಐಎಸ್ ನೆಟ್ಟಗೆ ನಿಲ್ಲಿಸುತ್ತದೆ, ಕಲೆಸಿದ್ದು ಹಾಗೇ ಉಳಿಯುತ್ತದೆ. ನಿಂತ ಚಿತ್ರದಲ್ಲಿ ದೀಪಗಳು ಮಾತ್ರ ಮಿಡಿಯುವಂತೆ ಕಾಣುತ್ತವೆ. ಫ್ರೀಕ್ವೆನ್ಸಿ ಆಯ್ಕೆ 50 ಹರ್ಟ್ಸ್ ಇರಲಿ, ನಮ್ಮ ಕರೆಂಟ್ ಅದೇ.

ಕೋನ ಹೊಂದಿಸುವಾಗ ದಿಗಂತ ಚಿತ್ರದ ನಡುವೆ, ಬಾನೆಟ್ ಕೆಳಗಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಆಕಾಶ ಜಾಸ್ತಿ ಆದರೆ ರಸ್ತೆ ಕಪ್ಪಾಗುತ್ತದೆ.

ಕಾರ್ಡ್, ಪವರ್, ಜಿ ಸೆನ್ಸರ್

ಅದುರುವ ಚಿತ್ರದಲ್ಲಿ ಪ್ರತಿ ಫ್ರೇಮೂ ಹಿಂದಿನದಕ್ಕಿಂತ ಬೇರೆ. ಹಾಗಾಗಿ ಅದನ್ನು ಕುಗ್ಗಿಸಿ ಬರೆಯಲು ಹೆಚ್ಚು ಡೇಟಾ ಬೇಕು. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೆಯುವ ಡೇಟಾ, ಕಡಿಮೆ ಇಟ್ಟರೆ ಗುಂಡಿ ಬಂದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆಯ್ಕೆ ಇದ್ದರೆ ಅತಿ ಹೆಚ್ಚಿನದನ್ನೇ ಇಡಿ. 16 ಎಂಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 7 ಜಿಬಿ ಆಗುತ್ತದೆ, 64 ಜಿಬಿ ಕಾರ್ಡ್ ಎಂಟು ಗಂಟೆಯ ಪ್ರಯಾಣ ಹಿಡಿಯುತ್ತದೆ. ಹೈ ಎಂಡ್ಯುರೆನ್ಸ್ ಎಂದು ಬರೆದಿರುವ, ಬರೆಯುವ ವೇಗ ಸೂಚಿಸುವ ಯು3 ಅಥವಾ ವಿ30 ಗುರುತಿನ ಕಾರ್ಡ್ ಕೊಳ್ಳಿ. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಚಿತ್ರ ನೆಗೆಯುತ್ತಿದ್ದರೆ ಫೈಲ್‌ಗಳ ಪಟ್ಟಿ ನೋಡಿ. ಎಲ್ಲವೂ ಮೂರು ಮೂರು ನಿಮಿಷ ಇದ್ದು ನಡುನಡುವೆ 1 ನಿಮಿಷ 12 ಸೆಕೆಂಡಿನಂಥ ತುಂಡು ಫೈಲ್ ಸಿಕ್ಕರೆ ಆ ಹೊತ್ತಿಗೆ ಕ್ಯಾಮೆರಾ ಆಫ್ ಆಗಿ ಆನ್ ಆಗಿದೆ. ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿ ಚಾರ್ಜರ್ ಸಡಿಲವಿದ್ದು ಹಂಪ್ ಹತ್ತಿದಾಗ ಸಂಪರ್ಕ ತಪ್ಪುವುದು ಇದಕ್ಕೆ ಮೊದಲ ಕಾರಣ.

ಹೊಡೆತ ಗುರುತಿಸುವ ಜಿ ಸೆನ್ಸರ್ ಡಿಕ್ಕಿಯಾದಾಗ ಫೈಲನ್ನು ಅಳಿಯದಂತೆ ಲಾಕ್ ಮಾಡುತ್ತದೆ. ನಮ್ಮ ಹಂಪ್‌ಗಳನ್ನು ಅದು ದಿನಕ್ಕೆ ಹತ್ತು ಸಲ ಡಿಕ್ಕಿ ಎಂದೇ ನಂಬುತ್ತದೆ. ಲಾಕ್ ಆದ ಫೈಲ್‌ಗಳು ತುಂಬಿ ಹೊಸದಕ್ಕೆ ಜಾಗವಿಲ್ಲದಂತಾಗುತ್ತದೆ. ಸೆನ್ಸಿಟಿವಿಟಿ ಲೋ ಇಡಿ.

ಕಾರೇ ಕುಲುಕಿದರೆ

ಮೌಂಟ್ ಸರಿಯಿದ್ದೂ ಕುಲುಕಾಟ ಹೆಚ್ಚೆನಿಸಿದರೆ ಟಯರ್ ನೋಡಿ. ಗಾಳಿಯನ್ನು ಟಯರ್ ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ಹೇಳಿದಷ್ಟೇ ಹಾಕಿಸಿ. ಮೈಲೇಜ್ ಆಸೆಗೆ ಐದಾರು ಪಿಎಸ್‌ಐ ಹೆಚ್ಚು ಹಾಕಿಸಿದರೆ ರಸ್ತೆಯ ಪ್ರತಿ ಹರಳೂ ಗಾಜಿಗೆ ಬಡಿಯುತ್ತದೆ. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಯ ಕಾಂಕ್ರೀಟ್ ಜೋಡಣೆಗಳ ಮೇಲೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೈವೇಯಲ್ಲಿ 80–100ರ ನಡುವೆ ಮಾತ್ರ ನಡುಕ ಬಂದು ವೇಗ ಬದಲಿಸಿದರೆ ಮಾಯವಾಗುವಂತಿದ್ದರೆ ವೀಲ್ ಬ್ಯಾಲೆನ್ಸಿಂಗ್ ತಪ್ಪಿದೆ. 15 ಇಂಚಿನ ಚಕ್ರ 90ರ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತದೆ. ಒಂದು ಕಡೆ ಭಾರ ಹೆಚ್ಚಿದ್ದರೆ ಅಷ್ಟೇ ಸಲ ಇಡೀ ಕಾರನ್ನು ತಟ್ಟುತ್ತದೆ.

ಹಳೆಯ ಫೋನನ್ನೇ ಡ್ಯಾಶ್‌ಕ್ಯಾಮ್ ಮಾಡಿಕೊಳ್ಳುವವರಿಗೆ ಒಂದು ಮಾತು. 200 ಗ್ರಾಂ ತೂಕದ ಫೋನ್ ಉದ್ದ ತೋಳಿನ ಮೇಲೆ ನಿಲ್ಲುವುದು ಕಷ್ಟ. ಜೊತೆಗೆ ಕೈನಡುಕ ಸರಿಪಡಿಸಲು ತಾನೇ ಅಲುಗುವ ಓಐಎಸ್ ಲೆನ್ಸ್ ಒಳಗಿದ್ದರೆ ಅದು ತೇಲುವಂಥದ್ದು. ಬೈಕ್ ಎಂಜಿನ್ನಿನ ಜೋರು ಕಂಪನ ಅದನ್ನು ಹಾಳುಮಾಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು.

ಕಂಪ್ಯೂಟರಿನಲ್ಲಿ ಸರಿಪಡಿಸುವುದು

ತೆಗೆದಾಗಿರುವ ವಿಡಿಯೊದ ಕುಲುಕಾಟ ಇಳಿಸಲು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಸಾಕು. ನೇರವಾಗಿ ಸ್ಟೆಬಿಲೈಸ್ ಒತ್ತಿದವರಿಗೆ ವಿಚಿತ್ರ ಫಲ ಸಿಗುತ್ತದೆ: ಏನೂ ಬದಲಾಗುವುದಿಲ್ಲ ಅಥವಾ ರಸ್ತೆ ಇನ್ನಷ್ಟು ಕುಣಿಯುತ್ತದೆ. ಕಾರಣ, ತಂತ್ರಾಂಶ ಚಿತ್ರದಲ್ಲಿ ಅಲುಗದೆ ನಿಂತಿರುವ ವಸ್ತುವನ್ನು ಹುಡುಕಿ ಅದನ್ನೇ ಆಧಾರ ಮಾಡಿಕೊಳ್ಳುತ್ತದೆ. ಡ್ಯಾಶ್‌ಕ್ಯಾಮ್ ವಿಡಿಯೊದಲ್ಲಿ ನಿಂತಿರುವುದು ಬಾನೆಟ್, ಕೆಳಗಿನ ದಿನಾಂಕ ಮತ್ತು ವೇಗದ ಮುದ್ರೆ, ಗಾಜಿನ ಮೇಲಿನ ಫಾಸ್ಟ್ಯಾಗ್ ಸ್ಟಿಕ್ಕರ್. ಅದು ಅವನ್ನು ಅಪ್ಪಿಕೊಂಡು ಕೂರುತ್ತದೆ.

ಆದ್ದರಿಂದ ಮೊದಲು ಚಿತ್ರವನ್ನು ಹಿಗ್ಗಿಸಿ ಬಾನೆಟ್ಟೂ ಮುದ್ರೆಯೂ ಚೌಕಟ್ಟಿನಿಂದ ಹೊರಹೋಗುವಂತೆ ಮಾಡಿ. ಆ ಕ್ಲಿಪ್ಪನ್ನು, ಹಿಗ್ಗಿಸಿದ್ದೂ ಸೇರಿ ಒಂದೇ ತುಂಡಾಗುವಂತೆ, ಕಾಂಪೌಂಡ್ ಕ್ಲಿಪ್ ಆಗಿ ಬದಲಿಸಿ, ಇಲ್ಲವೇ ಅಷ್ಟನ್ನೇ ಹೊಸ ಫೈಲಾಗಿ ಹೊರತೆಗೆದು ಮತ್ತೆ ಒಳಗೆ ತನ್ನಿ. ಆಮೇಲೆ ಸ್ಟೆಬಿಲೈಸ್. ಪರ್ಸ್ಪೆಕ್ಟಿವ್, ಸಿಮಿಲಾರಿಟಿ, ಟ್ರಾನ್ಸ್‌ಲೇಶನ್ ಎಂಬ ಮೂರು ಬಗೆಗಳಲ್ಲಿ ಸಿಮಿಲಾರಿಟಿಯಿಂದ ಶುರು ಮಾಡಿ. ಪರ್ಸ್ಪೆಕ್ಟಿವ್ ರಸ್ತೆಯ ಬದಿಯನ್ನು ರಬ್ಬರಿನಂತೆ ಎಳೆಯುವುದುಂಟು. ಕ್ಯಾಮೆರಾ ಲಾಕ್ ಆಯ್ಕೆ ಮುಟ್ಟಬೇಡಿ, ಅದು ನಿಂತ ಕ್ಯಾಮೆರಾಕ್ಕೆ. ಜೆಲ್ಲಿಯಾದ ವಿಡಿಯೊ, ಕಲಸಿದ ಫ್ರೇಮ್ ಇದರಿಂದ ಸರಿಯಾಗುವುದಿಲ್ಲ. ನಂಬರ್ ಪ್ಲೇಟ್ ಓದಬೇಕಿದ್ದರೆ ಸ್ಟೆಬಿಲೈಸ್ ಮಾಡುವುದಕ್ಕಿಂತ ಮೂಲ ಫೈಲನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಹೋಗುವುದು ವಾಸಿ. ಅದುರಾಟ ದಿಕ್ಕು ಬದಲಿಸುವ ಕ್ಷಣದಲ್ಲಿ ಒಂದು ಫ್ರೇಮಾದರೂ ನಿಚ್ಚಳವಾಗಿ ಸಿಗುವ ಸಾಧ್ಯತೆ ಹೆಚ್ಚು.

ಅಪಘಾತದ ವಿಡಿಯೊ ಆಗಿದ್ದರೆ ಮೂಲ ಫೈಲಿಗೆ ಕೈ ಹಚ್ಚಬೇಡಿ. ಕಾರ್ಡ್ ತೆಗೆದು ಎತ್ತಿಟ್ಟು, ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ ಕೆಲಸ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸಬೇಕು. ಸ್ಟೆಬಿಲೈಸ್ ಮಾಡಿದ ಪ್ರತಿಯ ಹ್ಯಾಶ್ ಮೂಲದ ಹ್ಯಾಶ್‌ಗೆ ಹೊಂದುವುದಿಲ್ಲ. ಪೊಲೀಸರಿಗಾಗಲಿ ವಿಮಾ ಕಂಪನಿಗಾಗಲಿ ಅದುರಿದ ಮೂಲವನ್ನೇ ಕೊಡಿ, ಸ್ಥಿರವಾದ ಪ್ರತಿಯನ್ನು ನೋಡಲು ಅನುಕೂಲವಾಗಲೆಂದು ಬೇರೆಯಾಗಿ, ಹಾಗೆಂದು ಬರೆದು ಕೊಡಿ.